ಗಾಜಿನ ಕೊಳದಲ್ಲಿ ‘ತಡೀರವ್ವಾ’ ಅಂದವರು

ದೆವ್ವ, ಗಾಳಿ, ಮೈಮೇಲೆ ಬರುವುದು, ಕನಸಿನಲ್ಲಿ ಬಂದು ಹೇಳಿ ಹೋಗುವುದು, ಇವು ಯಾವುದನ್ನೂ ನಾನು ನಂಬಿದವಳಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಮೋಟರಿಗೆ ತಂತಿ ಸುತ್ತುವ ಕೆಲಸ ಮಾಡುತ್ತಿದ್ದಾಗ, ಹೆಂಗಸರ ಕಕ್ಕಸಿನಲ್ಲಿ ಯಾರೋ ಬಳೆ ಸದ್ದು ಮಾಡುತ್ತಾರೆ ಎಂದು ಪಕ್ಕದವಳು ಹೆದರಿ ಜ್ವರ ಬರಿಸಿಕೊಂಡಳು. ನಾನು ಹೋಗಿ ನೋಡಿದೆ. ಕಿಟಕಿಯ ಕೊಂಡಿ ಸಡಿಲವಾಗಿ ಗಾಳಿಗೆ ಅಲ್ಲಾಡುತ್ತಿತ್ತು. ಕೈಯಲ್ಲಿದ್ದ ಚೂರು ತಂತಿಯನ್ನು ಸುತ್ತಿ ಬಿಗಿ ಮಾಡಿ ಬಂದೆ. ದೆವ್ವ ಅಲ್ಲಿಗೆ ಮುಗಿಯಿತು. ನನ್ನ ಗಂಡ ತೀರಿಕೊಂಡಾಗಲೂ, ಕಾಗೆ ಪಿಂಡ ಮುಟ್ಟಲಿಲ್ಲ, ಏನೋ ಆಸೆ ಉಳಿದಿದೆ ಎಂದು ನೆಂಟರು ಗುಸುಗುಸು ಮಾಡಿದರು. ಕಾಗೆಗೆ ಹಸಿವಿಲ್ಲ, ಊಟಕ್ಕೆ ಏಳಿ ಎಂದೆ.

ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೆ ಏನಾದರೂ ಹೊಳೆದರೆ ಒಳ್ಳೆಯದೇ. ನನಗಂತೂ ಇಷ್ಟು ವರ್ಷವಾದರೂ ಹೊಳೆದಿಲ್ಲ.

ಮೊದಲು ನನ್ನ ಮಂಡಿಯ ವಿಷಯ ಹೇಳಬೇಕು, ಏಕೆಂದರೆ ಎಲ್ಲ ಶುರುವಾದದ್ದು ಅಲ್ಲಿಂದಲೇ. ಕಾರ್ಖಾನೆಯಲ್ಲಿ ನಿಂತು ನಿಂತು ಎರಡು ಮಂಡಿಯೂ ಸವೆದಿದ್ದವು. ಬಾಗಲಗುಂಟೆಯ ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು. ಡಾಕ್ಟರು ಫೋಟೋ ತೆಗೆಸಿ ನೋಡಿ ಆಪರೇಷನ್ ಮಾಡಿಸಿ ಎಂದರು. ನಾನು ಆಗುವುದಿಲ್ಲ ಎಂದೆ. ಹೆದರಿಕೆಯಿಂದಲ್ಲ. ಮಗಳು ಮಂಜುಳ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುತ್ತಾಳೆ. ತಿಂಗಳುಗಟ್ಟಲೆ ನಾನು ಮಂಚದ ಮೇಲೆ ಬಿದ್ದರೆ ನನ್ನನ್ನು ಎತ್ತಿ ಕೂರಿಸುವವರು ಯಾರು? ಯಾರ ಕೈಯಲ್ಲೂ ನಾನು ತೊಳೆಸಿಕೊಂಡವಳಲ್ಲ. ಬೇರೆ ದಾರಿ ಇದ್ದರೆ ಹೇಳಿ ಎಂದು ಕುರ್ಚಿ ಬಿಟ್ಟು ಏಳದೆ ಕೂತೆ. ಡಾಕ್ಟರು ನಕ್ಕು, ಒಂದು ದಾರಿ ಇದೆ ಎಂದರು. ಎದೆಮಟ್ಟ ನೀರಿನಲ್ಲಿ ದಿನಾ ನಡೆಯಬೇಕು. ಮೈಯ ಭಾರವನ್ನು ನೀರು ಹೊರುತ್ತದೆ, ಮಂಡಿಗೆ ಪೆಟ್ಟು ಬೀಳುವುದಿಲ್ಲ, ಸುತ್ತಲಿನ ಮಾಂಸ ಗಟ್ಟಿಯಾಗುತ್ತದೆ. ಈ ಬೇಸಿಗೆ ಮಾಡಿ ನೋಡಿ, ಆಗದಿದ್ದರೆ ಆಪರೇಷನ್ ಬಿಟ್ಟು ಬೇರೆ ಮಾತಿಲ್ಲ ಎಂದು ಕಳಿಸಿದರು.

ಅವತ್ತೇ ತೀರ್ಮಾನ ಮಾಡಿದೆ. ಈ ಬೇಸಿಗೆ ನಾನು ನೀರಿಗೆ ಇಳಿಯುವವಳೇ.

ಆದರೆ ನೀರೆಲ್ಲಿ? ಬೆಂಗಳೂರಿನಲ್ಲಿ ಎದೆಮಟ್ಟ ನೀರು ಹುಡುಕುವುದು ಎಂದರೆ ಈಜುಕೊಳಕ್ಕೇ ಹೋಗಬೇಕು. ಮಂಜುಳಳ ಮಗಳು ಸಿಂಚನ ಆಗ ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದಳು. ಅವಳು ಫೋನಿನಲ್ಲಿ ಏನೋ ತಿಕ್ಕಿ, ಬೇಸಿಗೆಯಲ್ಲಿ ನೋಡಲೇಬೇಕಾದ ಚೆಂದದ ಈಜುಕೊಳಗಳು ಎಂದು ಉದ್ದಕ್ಕೆ ಚಿತ್ರಗಳನ್ನು ತೋರಿಸಿದಳು. ಒಂದರಲ್ಲಿ ತೆಂಗಿನ ಮರ, ಒಂದರಲ್ಲಿ ಜಲಪಾತ, ಒಂದರಲ್ಲಿ ಆಕಾಶವೇ ನೀರಿಗೆ ಅಂಟಿಕೊಂಡ ಹಾಗೆ.

“ಅಜ್ಜಿ, ಎಲ್ಲಾದಕ್ಕೂ ಹೋಗೋಣ. ನೀನು ನಡಿ, ನಾನು ಫೋಟೋ ತಗೋತೀನಿ” ಎಂದಳು.

ಅವಳಿಗೆ ಚೆಂದ ಬೇಕಿತ್ತು, ನನಗೆ ಆಳ ಬೇಕಿತ್ತು. ಇಬ್ಬರಿಗೂ ಒಂದೇ ಬಸ್ಸು ಸಾಕು ಎಂದು ಹೊರಟೆವು.

ಮೊದಲನೆಯ ಕಡೆ ಸೀರೆ ಉಟ್ಟು ಇಳಿಯುವ ಹಾಗಿಲ್ಲ ಎಂದು ಬಾಗಿಲಲ್ಲೇ ತಡೆದರು. ಅದೇ ಸಂಜೆ ಅಂಗಡಿಗೆ ಹೋಗಿ ಮೊಣಕೈ ದಾಟುವ ತೋಳು, ಪಾದದವರೆಗೆ ಕಾಲು ಇರುವ ಕಪ್ಪು ಉಡುಪು ಕೊಂಡೆ. ಮನೆಯಲ್ಲಿ ಹಾಕಿಕೊಂಡು ನಿಂತಾಗ ಮಂಜುಳ ಬಾಯಿಗೆ ಸೆರಗು ಅದುಮಿಕೊಂಡಳು.

“ನಗು, ನಗು. ಬಿದ್ದಾಗ ಎತ್ತೋಳು ನೀನೇ ತಾನೆ” ಎಂದೆ. ನಗು ನಿಂತಿತು.

ಎಲೆಕ್ಟ್ರಾನಿಕ್ ಸಿಟಿಯ ಕಡೆ ಒಂದು ಕೊಳಕ್ಕೆ ಹೋದೆವು. ಸಿಮೆಂಟಿನ ಬೆಟ್ಟ, ಸೊಂಡಿಲಿನಲ್ಲಿ ನೀರು ಚಿಮ್ಮುವ ಸಿಮೆಂಟಿನ ಆನೆ, ಕಿವಿ ಹರಿಯುವ ಹಾಡು. ನೀರಿಗಿಂತ ಮಕ್ಕಳೇ ಜಾಸ್ತಿ. ಅಷ್ಟು ಮಕ್ಕಳು ಬೆಳಿಗ್ಗೆಯಿಂದ ನೀರಿನಲ್ಲಿದ್ದು ಒಬ್ಬರೂ ಎದ್ದು ಹೋಗುತ್ತಿಲ್ಲ ಎಂದರೆ ಆ ನೀರು ಎಂಥದ್ದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಈಚಲು ಮರದ ಸಾಲು, ನೀಲಿ ದೀಪ, ಹಾಸಿಗೆಯಂಥ ಕುರ್ಚಿ ಎಲ್ಲ ಇದ್ದವು. ನೀರು ಮಾತ್ರ ಮಂಡಿಯ ಕೆಳಗೇ ಇತ್ತು. ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಬಹುದು, ಪಾದ ತೊಳೆಯಬಹುದು, ಅಷ್ಟೆ. ಹೀಗೆ ಅರ್ಧ ಬೇಸಿಗೆ ಬಸ್ಸಿನಲ್ಲೇ ಹೋಯಿತು. ಮಂಡಿ ಇನ್ನೂ ಊದಿತು. ಡಾಕ್ಟರು ಹೇಳಿದ ಆಪರೇಷನ್ ದಿನ ದಿನಕ್ಕೂ ಹತ್ತಿರ ಬರುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಹುಡುಕುತ್ತಲೇ ಇದ್ದೆ.

ಆಗ ಸಿಕ್ಕಿದ್ದು ಮಹದೇವಪುರದ ಕಡೆಯ ಕೊಳ. ನನ್ನ ತಂಗಿಯ ಮಗ ಅಲ್ಲಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದ. ಹೆಂಡತಿ ಮಕ್ಕಳ ಜೊತೆ ಅವಳ ತವರಿಗೆ ಹೊರಟವನು, ಗಿಡಕ್ಕೆ ನೀರು ಹಾಕಿಕೊಂಡು ಇರು ದೊಡ್ಡಮ್ಮ, ಈಜುಕೊಳವೂ ಇದೆ ಎಂದು ಬೀಗದ ಕೈ ಕೊಟ್ಟ. ಸಿಂಚನ ಅದರ ಚಿತ್ರ ನೋಡಿದ್ದೇ ಕಿರುಚಿಬಿಟ್ಟಳು. ಅವಳ ಫೋನಿನ ಚಿತ್ರಗಳಲ್ಲಿ ಆಕಾಶ ನೀರಿಗೆ ಅಂಟಿಕೊಂಡಿದ್ದ ಕೊಳ ಇದೇ.

ಅಲ್ಲಿಗೆ ಹೋದ ದಿನವೇ ಸಂಜೆ ಕೊಳ ನೋಡಿಕೊಂಡು ಬಂದೆವು. ಐದನೆಯ ಮಹಡಿಯ ತಾರಸಿಯಲ್ಲಿ ಕೊಳ. ಮೂರು ಕಡೆ ನೀಲಿ ಟೈಲ್ಸು, ನಾಲ್ಕನೆಯ ಕಡೆ ಗೋಡೆಯ ಬದಲು ಗಾಜು. ನೀರು ಆ ಗಾಜಿನ ಅಂಚಿನವರೆಗೆ ತುಂಬಿ ನಿಂತಿರುತ್ತದೆ. ಇತ್ತ ನಿಂತು ನೋಡಿದರೆ ಗಾಜು ಕಾಣುವುದೇ ಇಲ್ಲ. ಕೊಳದ ನೀರು ನೇರವಾಗಿ ಆಚೆಯ ಕೆರೆಗೆ ಹೋಗಿ ಸೇರಿದ ಹಾಗೆ ಕಾಣುತ್ತದೆ. ಕೆರೆಯ ಆಚೆ ಸೂರ್ಯ ಹುಟ್ಟುತ್ತಾನೆ. ಬೆಳಿಗ್ಗೆ ಆ ಗಾಜಿಗೆ ಎದೆ ಒರಗಿಸಿ, ಎರಡೂ ಕೈ ಆಚೆ ಇಳಿಬಿಟ್ಟು ನಿಂತರೆ, ಹಿಂದಿನಿಂದ ತೆಗೆದ ಚಿತ್ರ ಬಹಳ ಚೆಂದ ಬರುತ್ತದಂತೆ. ಅಲ್ಲಿರುವ ಹುಡುಗಿಯರೆಲ್ಲ ಹಾಗೇ ತೆಗೆಸಿಕೊಳ್ಳುತ್ತಾರಂತೆ. ನಾನು ನೋಡಿದ್ದು ಆಳವನ್ನು. ಕೋಲು ಇಳಿಬಿಟ್ಟು ಅಳೆದೆ. ಸರಿಯಾಗಿ ನನ್ನ ಎದೆಮಟ್ಟ. ಹಿಡಿದು ನಡೆಯಲು ಸುತ್ತ ಸ್ಟೀಲಿನ ಕಂಬಿ. ಈ ಕೊಳ ನನಗೇ ಕಟ್ಟಿಸಿದ್ದು ಎನ್ನಿಸಿತು.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಹುಟ್ಟಿದ್ದು ಮಾಗಡಿ ಕಡೆಯ ಹಳ್ಳಿಯಲ್ಲಿ. ಊರ ಹಿಂದೆ ಬಂಡೆಗಳ ನಡುವೆ ಒಂದು ನೀರಿನ ಕಟ್ಟೆ; ಗಂಡಸರೂ ಹೆಂಗಸರೂ ಸ್ನಾನಕ್ಕೆ ಹೋಗುತ್ತಿದ್ದದ್ದು ಅಲ್ಲಿಗೇ. ದಾರಿ ಒಂದು ದೊಡ್ಡ ಬಂಡೆಯನ್ನು ಬಳಸಿಕೊಂಡು ತಿರುಗುತ್ತಿತ್ತು. ಬಂಡೆಯ ಈಚೆಯಿಂದ ನೀರು ಕಾಣುತ್ತಿರಲಿಲ್ಲ. ಹಾಗಾಗಿ ಹೆಂಗಸರು ಹೋದಾಗ, ಗುಂಪಿನಲ್ಲಿ ಹಿರಿಯಳಾದವಳು ತಿರುವಿನಲ್ಲೇ ನಿಂತು ಕೂಗಬೇಕು: “ಎಣ್ಮಕ್ಳು ಬತ್ತಾ ಇದ್ದೀವಿ, ಯಾರಿದ್ದೀರಪ್ಪೋ?” ಯಾರೂ ಇಲ್ಲದಿದ್ದರೆ ಉತ್ತರ ಬರುವುದಿಲ್ಲ, ನಾವು ಇಳಿಯಬಹುದು. ಗಂಡಸರು ಯಾರಾದರೂ ನೀರಿನಲ್ಲಿದ್ದರೆ “ವಸಿ ತಡೀರವ್ವಾ” ಎನ್ನುತ್ತಾರೆ. ನಾವು ಬೆನ್ನು ತಿರುಗಿಸಿ ನಿಲ್ಲಬೇಕು. ಅವರು ಎದ್ದು, ಬಟ್ಟೆ ಸುತ್ತಿಕೊಂಡು, ಆಚೆ ದಡದಿಂದ ಹೋಗುತ್ತಾ “ಬನ್ರವ್ವಾ” ಎಂದು ಕೂಗಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಯಾವ ಹೆಣ್ಣೂ ಹೆಜ್ಜೆ ಮುಂದಿಡುವುದಿಲ್ಲ. ಒಮ್ಮೆ ನಮ್ಮ ಬೀದಿಯ ಗಂಡಸೊಬ್ಬ ತಡೀರಿ ಎಂದವನು ಮರೆತು ಹಾಗೇ ಮನೆಗೆ ಹೋಗಿಬಿಟ್ಟ. ನಾವು ಬಟ್ಟೆಗಂಟು ತಲೆಯ ಮೇಲೆ ಹೊತ್ತುಕೊಂಡು ಬಿಸಿಲು ಏರುವವರೆಗೆ ನಿಂತೆವು. ಕೊನೆಗೆ ನನ್ನವ್ವ ಅವನ ಮನೆಗೇ ಹೋಗಿ, ಜಗಲಿಯಲ್ಲಿ ಮುದ್ದೆ ನುಂಗುತ್ತಾ ಕೂತಿದ್ದವನನ್ನು ಬೈದಳು.

“ಏಯ್, ಬಾಯಲ್ಲಿರೋದ ನುಂಗಿ ಮೊದ್ಲು ಬನ್ನಿ ಅನ್ನಲಾ!”

ಅವನು ಜಗಲಿಯಿಂದಲೇ “ಬನ್ರವ್ವಾ” ಎಂದ. ಆಮೇಲೆ ನಾವು ಸ್ನಾನಕ್ಕೆ ಹೋದೆವು. ನಗಬೇಡಿ. ನಮಗೆ ಅದು ಹಾಗೇ ಅಭ್ಯಾಸ.

ಮದುವೆಯಾಗಿ ಬೆಂಗಳೂರಿಗೆ ಬಂದಮೇಲೆ ನಾನು ಹಾಗೆ ಕೂಗಿದ್ದಿಲ್ಲ. ಬೇರೆ ಕೊಳಗಳಲ್ಲಿ ಜನವೋ ಜನ. ಯಾರಿದ್ದೀರಿ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಆದರೆ ಬೆಳಕು ಹರಿದಿತ್ತು. ಲಿಫ್ಟಿನಿಂದ ಇಳಿದದ್ದೇ ಸಿಂಚನ ಓಡಿದಳು. ಕೊಳಕ್ಕೆ ಹೋಗುವ ದಾರಿಗೆ ಅಡ್ಡವಾಗಿ ಬಳ್ಳಿ ಹಬ್ಬಿಸಿದ ಗೋಡೆ ಇದೆ. ಅದನ್ನು ಬಳಸಿ ತಿರುಗಿದರೆ ಮಾತ್ರ ನೀರು ಕಾಣುತ್ತದೆ. ನಾನು ಕೋಲೂರಿಕೊಂಡು ನಿಧಾನಕ್ಕೆ ಬಂದೆ. ಸುತ್ತ ಸದ್ದಿಲ್ಲ. ತಣ್ಣನೆಯ ನೀರಿನ ವಾಸನೆ ಮುಖಕ್ಕೆ ಬಡಿಯಿತು. ಆ ತಿರುವಿನಲ್ಲಿ ನನ್ನ ಕಾಲು ತಾನಾಗಿ ನಿಂತಿತು, ಬಾಯಿ ತಾನಾಗಿ ಕೂಗಿತು.

“ಎಣ್ಮಕ್ಳು ಬತ್ತಾ ಇದ್ದೀವಿ, ಯಾರಿದ್ದೀರಪ್ಪೋ?”

ಕೂಗಿದಮೇಲೆ ನನಗೇ ನಗು ಬಂತು. ಮುದುಕಿಗೆ ಬುದ್ಧಿ ಕೆಟ್ಟಿತು ಎಂದುಕೊಂಡು ಕೋಲು ಎತ್ತಿದೆ.

“ವಸಿ ತಡೀರವ್ವಾ.”

ಗಂಡಸಿನ ದನಿ. ವಯಸ್ಸಾದವರದು. ಬೆಳಗಿನ ಕಫ ಇನ್ನೂ ಗಂಟಲಲ್ಲಿ ಇದ್ದ ಹಾಗೆ. ಅವಸರವಿರಲಿಲ್ಲ, ಹೆದರಿಸುವಂಥದ್ದು ಏನೂ ಇರಲಿಲ್ಲ. ಸ್ನಾನ ಮಾಡುತ್ತಿರುವವರು ಹೇಗೆ ಹೇಳುತ್ತಾರೋ ಹಾಗೆ. ದನಿ ಬಂದದ್ದು ನೀರಿನ ಕಡೆಯಿಂದ, ಎಡಗಡೆಯ ಮೂಲೆ, ಗಾಜಿನ ಹತ್ತಿರದಿಂದ. ನನಗೆ ಮೈ ಜುಮ್ಮೆನ್ನಲೂ ಇಲ್ಲ. ಯಾರೋ ನಮ್ಮ ಕಡೆಯ ಮುದುಕರು ಇಲ್ಲೂ ಇದ್ದಾರಲ್ಲ ಎಂದು ಸಂತೋಷವೇ ಆಯಿತು.

“ಆಯ್ತಪ್ಪ, ನಿಧಾನಕ್ಕೆ ಏಳಿ” ಎಂದು ಹೇಳಿ ಬೆನ್ನು ತಿರುಗಿಸಿ ನಿಂತೆ.

ಸಿಂಚನ ಗೋಡೆಯ ಪಕ್ಕದಿಂದ ಮುಖ ಹಾಕಿದಳು. “ಅಜ್ಜಿ, ಯಾರ್ ಜೊತೆ ಮಾತಾಡ್ತಿದ್ದೀಯಾ?”

“ಯಾರೋ ಸ್ನಾನ ಮಾಡ್ತಾವ್ರೆ. ಎದ್ದು ಹೋಗ್ಲಿ ಇರು. ನೀನೂ ಈಚೆ ಬಾ, ಹಂಗೆಲ್ಲ ನೋಡಬಾರ್ದು.”

“ಯಾರೂ ಇಲ್ಲ ಅಜ್ಜಿ! ಪೂರ್ತಿ ಖಾಲಿ. ಬೇಗ ಬಾ, ಸೂರ್ಯ ಬಂದ್ಬಿಡ್ತಾನೆ.”

ತಿರುಗಿ ಹೋಗಿ ನೋಡಿದೆ. ಅವಳು ಹೇಳಿದ್ದು ನಿಜ. ನೀರು ಅಲ್ಲಾಡದೆ ನಿಂತಿತ್ತು. ತಳದ ಟೈಲ್ಸು ಒಂದೊಂದೂ ಕಾಣುತ್ತಿತ್ತು. ಮೂಲೆಯಲ್ಲಿ ಯಾರೂ ಇಲ್ಲ. ದಡದಲ್ಲಿ ಒದ್ದೆ ಹೆಜ್ಜೆ ಕೂಡ ಇಲ್ಲ. ಸಿಂಚನ ಫೋನನ್ನು ಮೂರು ಕಾಲಿನ ಕೋಲಿಗೆ ಸಿಕ್ಕಿಸಿ, ಹೂಕುಂಡದ ಎತ್ತರದ ಕಟ್ಟೆಯ ಮೇಲೆ ಗಾಜಿನ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದಳು. ಟವೆಲನ್ನೂ ಚಪ್ಪಲಿಯನ್ನೂ ಕೊಳದ ಮೊದಲ ಮೆಟ್ಟಿಲ ಪಕ್ಕ ಬಿಟ್ಟು ಇಳಿಯಲು ಕಂಬಿ ಹಿಡಿದಳು.

“ಇಳೀಬೇಡ ಕಣೇ!”

ನಾನು ಕೂಗಿದ ರೀತಿಗೆ ಅವಳು ಬೆಚ್ಚಿ ನಿಂತಳು.

“ಯಾಕೆ?”

“ತಡೀರಿ ಅಂದವ್ರೆ. ಬನ್ನಿ ಅಂದಿಲ್ಲ.”

“ಯಾರು ಅಂದಿದ್ದು? ಇಲ್ಲಿ ಯಾರಿದಾರೆ, ತೋರ್ಸು!”

ತೋರಿಸಲು ಯಾರೂ ಇರಲಿಲ್ಲ. ಅಷ್ಟರಲ್ಲಿ ಕೊಳ ನೋಡಿಕೊಳ್ಳುವ ಶರಣಪ್ಪ ಮೋಟರು ಕೋಣೆಯಿಂದ ಬಂದ. ಯಾದಗಿರಿ ಕಡೆಯವನು, ಇನ್ನೂ ಮೂವತ್ತು ದಾಟಿರದ ಗಂಡಸು. ಹಿಂದಿನ ಸಂಜೆ ಅವನೇ ನಮಗೆ ಕೊಳ ತೋರಿಸಿದ್ದ.

“ಏನಾತ್ರೀ ಅಮ್ಮಾರ?”

“ಈಗ ಇಲ್ಲಿ ಯಾರಾದ್ರೂ ವಯಸ್ಸಾದವ್ರು ಇಳಿದಿದ್ರೇನಪ್ಪ?”

“ಇಲ್ರೀ. ಬಾಗ್ಲಾ ತೆರದಾಂವ ನಾನ. ನಿಮ್ಮನ್ನ ಬಿಟ್ರ ಒಂದು ಗುಬ್ಬೀನೂ ಬಂದಿಲ್ಲ. ಇಳೀರಿ, ನೀರು ಭಾಳ ಚಲೋ ಅದ.”

ಸಿಂಚನ ಕೈ ಮುಗಿದು, “ಕೇಳಿದ್ಯಾ? ಈಗ ಬಿಡು ಅಜ್ಜಿ, ಪ್ಲೀಸ್” ಎಂದಳು.

ನಾನು ಯೋಚಿಸಿದೆ. ನೀವು ನನ್ನನ್ನು ಮೂಢಳು ಎಂದುಕೊಳ್ಳುವ ಮೊದಲು ಇದನ್ನು ಕೇಳಿ. ಅಲ್ಲಿ ಯಾರೂ ಇಲ್ಲ ಎಂಬುದು ನನ್ನ ಕಣ್ಣಿಗೇ ಕಂಡಿತ್ತು. ಎದುರಿಗೆ ಎದೆಮಟ್ಟ ನೀರು, ಅದಕ್ಕಾಗಿಯೇ ಅರ್ಧ ಬೇಸಿಗೆ ಬಸ್ಸಿನಲ್ಲಿ ಅಲೆದಿದ್ದೆ. ಆಪರೇಷನ್ ತಪ್ಪಿಸಿಕೊಳ್ಳಲು ನನಗೆ ಅದೊಂದೇ ದಾರಿ. ಇಳಿಯಬೇಕು ಎಂಬ ಹಟ ನನ್ನಷ್ಟು ಯಾರಿಗೂ ಇರಲಿಲ್ಲ. ಆದರೂ ಕಿವಿ ಕೇಳಿದ್ದನ್ನು ಕೇಳಿಲ್ಲ ಎನ್ನಲು ಆಗಲಿಲ್ಲ. ಒಬ್ಬರು ತಡೀರಿ ಎಂದಿದ್ದಾರೆ, ನಾನು ಆಯ್ತಪ್ಪ ಎಂದಿದ್ದೇನೆ. ಮಾತು ಕೊಟ್ಟಾಗಿದೆ. ಇರುವವರು ಕಾಣಲಿ, ಕಾಣದಿರಲಿ, ಕೊಟ್ಟದ್ದು ನಾನು.

“ಇವತ್ತು ಇಬ್ರೂ ಇಳಿಯಲ್ಲ” ಎಂದೆ.

ಸಿಂಚನಳಿಗೆ ಸಿಟ್ಟು ಬಂತು. “ನಿನ್ ಮಂಡಿಗೋಸ್ಕರ ಎಲ್ಲಾ ಕಡೆ ಬಂದೆ. ನನಗೋಸ್ಕರ ಒಂದ್ ಫೋಟೋ, ಅಷ್ಟೇ. ಅದಕ್ಕೂ ಬಿಡಲ್ಲ ಅಂದ್ರೆ ಹೆಂಗೆ?” ಎಂದು ಇಳಿಯಲು ಹೊರಟೇಬಿಟ್ಟಳು. ನಾನು ಕೋಲು ಬಿಸಾಡಿ ಅವಳ ಮಣಿಕಟ್ಟು ಹಿಡಿದೆ. ತಂತಿ ಸುತ್ತಿದ ಕೈ ಇದು, ಹಿಡಿದರೆ ಬಿಡುವುದಿಲ್ಲ. ಅವಳನ್ನು ಎಳೆದುಕೊಂಡು ಬಂದು ಬಳ್ಳಿಗೋಡೆಯ ಪಕ್ಕದ ಉದ್ದ ಕುರ್ಚಿಯ ಮೇಲೆ ಕೂರಿಸಿ, ಕೈ ಬಿಡದೆ ನಾನೂ ಕೂತೆ. ಅವಳು ಬಿಡಿಸಿಕೊಳ್ಳಲು ನೋಡಿದಳು, ಬೈದಳು, ಕೊನೆಗೆ ಅತ್ತಳು. ಶರಣಪ್ಪ ಅತ್ತ ಇತ್ತ ನೋಡಿ, “ಹಿರೇರು ಅದಾರ, ಒಂದೀಟು ಕುಂದ್ರಿ ತಂಗೀ” ಎಂದು ಹೇಳಿ ಮೋಟರು ಕೋಣೆಗೆ ಹೋದ.

ಕೆರೆಯ ಆಚೆ ಸೂರ್ಯ ಬಂದ. ಅವಳು ಕಾದಿದ್ದ ಬೆಳಕು ಅದೇ. ನೀರು, ಗಾಜು, ಕೆರೆ ಮೂರೂ ಒಂದೇ ಬಣ್ಣವಾದವು. ಚೆಂದವಾಗಿತ್ತು, ಸುಳ್ಳು ಹೇಳುವುದಿಲ್ಲ. “ಹೋಯ್ತು ನೋಡು, ಎಲ್ಲಾ ಹೋಯ್ತು” ಎಂದು ಅವಳು ಬಿಕ್ಕಿದಳು.

ಆಗ ಒಂದು ಸದ್ದಾಯಿತು. ಸ್ಟೀಲಿನ ಲೋಟ ನೆಲಕ್ಕೆ ಬಿದ್ದ ಹಾಗೆ, ಒಂದೇ ಸಲ. ಎಡ ಮೂಲೆಯಿಂದ ಗಾಜೆಲ್ಲ ಬೆಳ್ಳಗಾಯಿತು, ಕಲ್ಲುಪ್ಪು ಹರಡಿದ ಹಾಗೆ. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಗಾಜು ಇರಲಿಲ್ಲ. ನೀರು ಒಂದು ಗಳಿಗೆ ಹಾಗೇ ನಿಂತಿತು. ನಾನು ಕಣ್ಣಾರೆ ನೋಡಿದ್ದೇನೆ, ಗೋಡೆಯಿಲ್ಲದೆ ನಿಂತಿತು. ಆಮೇಲೆ ಅಷ್ಟೂ ನೀರು ಒಟ್ಟಿಗೆ ಹೊರಟಿತು. ಅದರ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ದಡದ ಮೇಲಿದ್ದ ಅವಳ ಟವೆಲು, ಚಪ್ಪಲಿ, ಒಂದು ಪ್ಲಾಸ್ಟಿಕ್ ಕುರ್ಚಿ, ನನ್ನ ಕೋಲು ಎಲ್ಲವನ್ನೂ ಎಳೆದುಕೊಂಡು ಐದು ಮಹಡಿ ಕೆಳಕ್ಕೆ ಬಿತ್ತು. ನಮ್ಮ ಪಾದದವರೆಗೂ ನೀರು ಬಂದು, ಮತ್ತೆ ಹಿಂದಕ್ಕೆ ಎಳೆಯಿತು.

ಕೆಳಗೆ ಹೂದೋಟ. ಅಷ್ಟು ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಶರಣಪ್ಪ ಓಡಿಬಂದು ಖಾಲಿ ಕೊಳವನ್ನು ನೋಡಿದ, ನಮ್ಮನ್ನು ನೋಡಿದ, ನೆಲದ ಮೇಲೆ ಕೂತುಬಿಟ್ಟ. ಸಿಂಚನ ಅಳುವುದನ್ನು ನಿಲ್ಲಿಸಿದ್ದಳು. ಅವಳ ಮಣಿಕಟ್ಟಿನ ಮೇಲೆ ನನ್ನ ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಅವಳು ಆ ಕೈಯನ್ನು ನನ್ನಿಂದ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಇಂಜಿನಿಯರುಗಳು ಬಂದರು. ಗಾಜಿನ ಒಳಗೆ ಮೊದಲೇ ಕಣ್ಣಿಗೆ ಕಾಣದ ದೋಷವಿತ್ತಂತೆ, ಮೂಲೆಯಲ್ಲಿ ಬಿಗಿ ಹೆಚ್ಚಾಗಿತ್ತಂತೆ, ದಿನಾ ಬಿಸಿಲಿಗೆ ಹಿಗ್ಗಿ ಹಿಗ್ಗಿ ಕೊನೆಗೆ ಒಡೆಯಿತಂತೆ. ಇರಬಹುದು. ಗಾಜು ಒಡೆದದ್ದಕ್ಕೆ ಕಾರಣ ಸಿಕ್ಕಿತು. ನನಗೆ ಬೇಕಾದದ್ದು ಬೇರೆ ಕಾರಣ. ಆ ಕಟ್ಟಡದಲ್ಲಿ ನಮ್ಮ ಕಡೆಯ ಮುದುಕರು ಯಾರಾದರೂ ಇದ್ದಾರೆಯೇ ಎಂದು ಎಲ್ಲ ಮಹಡಿಯಲ್ಲೂ ಕೇಳಿಸಿದೆ. ಇದ್ದ ಒಬ್ಬ ಮುದುಕರು ಹಾಸಿಗೆ ಹಿಡಿದಿದ್ದರು, ತೆಲುಗಿನವರು. ಶರಣಪ್ಪನೇ ಏನಾದರೂ ಕೂಗಿದನೇ ಎಂದರೆ, ಅವನ ಬಾಯಲ್ಲಿ ‘ವಸಿ’ ಎಂಬ ಮಾತು ಬರುವುದಿಲ್ಲ, ‘ಒಂದೀಟು’ ಎನ್ನುತ್ತಾನೆ, ಅವನ ದನಿ ಎಳೆಯದು, ಅವನಿದ್ದದ್ದು ನನ್ನ ಬಲಗಡೆಯ ಕೋಣೆಯಲ್ಲಿ.

ತಂಗಿಯ ಮಗ ಊರಿನಿಂದ ಓಡಿಬಂದ. ಎಲ್ಲ ಕೇಳಿಕೊಂಡು, ಗಾಜು ಮೊದಲೇ ಸಣ್ಣಗೆ ಬಿರಿಯುವ ಸದ್ದು ಮಾಡಿರುತ್ತದೆ, ನಿನ್ನ ಕಿವಿ ಅದನ್ನೇ ಮಾತು ಎಂದುಕೊಂಡಿದೆ ದೊಡ್ಡಮ್ಮ ಎಂದ. ಓದಿದವನು, ನನಗೆ ಒಳ್ಳೆಯದಾಗಲಿ ಎಂದೇ ಹೇಳಿದ.

“ಗಾಜು ನಂಗೆ ಅವ್ವಾ ಅಂತದೇನೋ?” ಎಂದೆ.

ಇನ್ನು ಕೆಲವರು, ಆ ಜಾಗದಲ್ಲಿ ಹಿಂದೆ ಕೆರೆಯೋ ಬಾವಿಯೋ ಇದ್ದಿರಬೇಕು, ಅದರ ಕಾವಲಿನವರು ಯಾರೋ ಎಂದರು. ಅದನ್ನೂ ವಿಚಾರಿಸಿದೆ. ಹಿಂದಿನ ಹಳ್ಳಿಯ ಒಬ್ಬ ಅಜ್ಜಿ ಇನ್ನೂ ಆ ರಸ್ತೆಯಲ್ಲಿ ಸೊಪ್ಪು ಮಾರುತ್ತಾಳೆ. ಅವಳು ನಕ್ಕಳು. ಅಲ್ಲಿ ನೀಲಗಿರಿ ತೋಪು ಇತ್ತಂತೆ, ಅದಕ್ಕೆ ಮೊದಲು ಹುರುಳಿಯೂ ಬೆಳೆಯದ ಕಲ್ಲುನೆಲ. ಹನಿ ನೀರು ಕಂಡ ಜಾಗವಲ್ಲ. ನಮ್ಮ ಊರು ಬೆಂಗಳೂರಿಗೆ ಪಶ್ಚಿಮಕ್ಕೆ, ಈ ಕೊಳ ಪೂರ್ವಕ್ಕೆ. ನಮ್ಮವರು ಯಾರಿಗೂ ಅತ್ತ ಕಡೆ ನಂಟೇ ಇಲ್ಲ. ಹಾಗಿದ್ದರೆ ನಮ್ಮ ಕಟ್ಟೆಯ ಪದ್ಧತಿ ತಿಳಿದವರು ಅಲ್ಲಿಗೆ ಹೇಗೆ ಬಂದರು?

ಇನ್ನೊಂದು ವಿಷಯ ಇದೆ. ಸಿಂಚನ ನಿಲ್ಲಿಸಿದ್ದ ಫೋನು ಅಷ್ಟು ಹೊತ್ತೂ ವಿಡಿಯೋ ತೆಗೆಯುತ್ತಲೇ ಇತ್ತು. ಅದು ಎತ್ತರದ ಕಟ್ಟೆಯ ಮೇಲಿದ್ದದ್ದರಿಂದ ನೀರಿನ ಪಾಲಾಗಲಿಲ್ಲ. ಮನೆಗೆ ಬಂದಮೇಲೆ ಮೂವರೂ ಕೂತು ನೋಡಿದೆವು. ಅದರಲ್ಲಿ ಸಿಂಚನ ದಡದಲ್ಲಿ ಕೆರೆಯ ಕಡೆ ಮುಖ ಮಾಡಿ ಕೂದಲು ಸರಿಮಾಡಿಕೊಳ್ಳುತ್ತಿದ್ದಾಳೆ. ಹಿಂದಿನಿಂದ ನನ್ನ ಕೂಗು ಕೇಳುತ್ತದೆ. ಆಮೇಲೆ ಮೌನ. ಯಾರ ದನಿಯೂ ಇಲ್ಲ. ಆಮೇಲೆ ನಾನು “ಆಯ್ತಪ್ಪ” ಎನ್ನುವುದು. ಮಂಜುಳ ನಿಟ್ಟುಸಿರು ಬಿಟ್ಟು, “ಏನೂ ಇಲ್ವಲ್ಲಮ್ಮ” ಎಂದಳು.

“ಇನ್ನೊಂದ್ಸಲ ಹಾಕು” ಎಂದೆ. ಎರಡನೆಯ ಸಲ ನಾನು ದನಿ ಕೇಳಲಿಲ್ಲ, ಹುಡುಗಿಯನ್ನು ನೋಡಿದೆ. ನನ್ನ ಕೂಗಿಗೂ ಆಯ್ತಪ್ಪ ಎಂಬುದಕ್ಕೂ ನಡುವಿನ ಆ ಮೌನದಲ್ಲಿ ಸಿಂಚನ ತಲೆ ತಿರುಗಿಸುತ್ತಾಳೆ. ನನ್ನ ಕಡೆಗಲ್ಲ. ನಾನಿದ್ದದ್ದು ಅವಳ ಹಿಂದೆ. ಅವಳು ತಿರುಗಿದ್ದು ಎಡಕ್ಕೆ, ಗಾಜಿನ ಮೂಲೆಯ ಕಡೆಗೆ, ಯಾರೋ ಕರೆದರೆ ತಿರುಗುವ ಹಾಗೆ.

“ನಿಂಗೇನು ಕೇಳಿಸ್ತು?” ಎಂದು ಕೇಳಿದೆ.

“ಏನೂ ಇಲ್ಲ ಅಜ್ಜಿ. ತಿರುಗಿದ್ದೇ ನೆನಪಿಲ್ಲ.”

ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ಅಳಿಸಬೇಡ ಎಂದರೂ ಕೇಳದೆ ಆ ವಿಡಿಯೋವನ್ನು ಅವತ್ತೇ ಅಳಿಸಿಬಿಟ್ಟಳು.

ನನ್ನ ಮಂಡಿಯ ಕಥೆ ಹೇಳುತ್ತೇನೆ. ಒಂದು ಗಾಜು ಒಡೆಯಿತು ಎಂದು ನಾನು ಮಂಚ ಹತ್ತುವವಳಲ್ಲ. ಆ ಬೇಸಿಗೆ ಮುಗಿಯುವ ಮೊದಲೇ ಚಿಕ್ಕಬಾಣಾವರದ ಹತ್ತಿರ ಒಂದು ಕೊಳ ಹುಡುಕಿದೆ. ಯಾರ ಚೆಂದದ ಪಟ್ಟಿಯಲ್ಲೂ ಅದಿಲ್ಲ. ನಾಲ್ಕೂ ಕಡೆ ಗೋಡೆ, ಮೇಲೆ ತಗಡು, ನೋಡಲು ಏನೂ ಇಲ್ಲ. ಬೆಳಿಗ್ಗೆ ಒಂದು ಗಂಟೆ ಹೊತ್ತು ಹೆಂಗಸರಿಗೆ ಮಾತ್ರ ಬಿಡುತ್ತಾರೆ. ಅಲ್ಲೇ ಕಂಬಿ ಹಿಡಿದು ನಡೆದೆ, ಮಳೆಗಾಲದಲ್ಲೂ ನಡೆದೆ, ಇವತ್ತಿಗೂ ನಡೆಯುತ್ತಿದ್ದೇನೆ. ಡಾಕ್ಟರು ಆಪರೇಷನ್ ಮಾತು ಎತ್ತುವುದನ್ನು ಬಿಟ್ಟಿದ್ದಾರೆ. ಅಲ್ಲೂ ದಿನಾ ಬಾಗಿಲಲ್ಲಿ ನಿಂತು ಕೂಗುತ್ತೇನೆ. ಮೊದಮೊದಲು ಉಳಿದ ಹೆಂಗಸರು ನಗುತ್ತಿದ್ದರು. “ಅಜ್ಜಿ, ಲೈನ್ ಕ್ಲಿಯರ್ರಾ?” ಎಂದು ರೇಗಿಸುತ್ತಿದ್ದರು. ಈಗ ನಾನು ತಡವಾಗಿ ಹೋದರೆ ಅವರೇ ಕಾಯುತ್ತಾರೆ. ಉತ್ತರ ಒಂದು ದಿನವೂ ಬಂದಿಲ್ಲ. ಉತ್ತರ ಬರದಿದ್ದರೆ ಇಳಿಯಬಹುದು, ಇಳಿಯುತ್ತೇವೆ.

ಹೋದ ಬೇಸಿಗೆ ತಂಗಿಯ ಮಗ ಮತ್ತೆ ಕರೆದ. ಗಾಜಿನ ಜಾಗದಲ್ಲಿ ಈಗ ಗಟ್ಟಿ ಕಾಂಕ್ರೀಟು ಗೋಡೆ ಹಾಕಿದ್ದಾರೆ, ಭಯವಿಲ್ಲ ದೊಡ್ಡಮ್ಮ ಎಂದ. ಭಯದ ಮಾತಲ್ಲ, ನೋಡಿಯೇಬಿಡೋಣ ಎಂದು ಹೊರಟೆ. ಸಿಂಚನ ಈಗ ಕೆಲಸಕ್ಕೆ ಹೋಗುವ ಹುಡುಗಿ. ಒಂದು ದಿನ ರಜಾ ಹಾಕಿ ಜೊತೆಗೆ ಬಂದಳು. ಅದೇ ಹೊತ್ತು, ಅದೇ ಬಳ್ಳಿಗೋಡೆ. ತಿರುವಿನಲ್ಲಿ ನಿಂತು ಕೂಗಿದೆ.

ಯಾರೂ ಮಾತಾಡಲಿಲ್ಲ. ನೀರು ಅಲ್ಲಾಡದೆ ನಿಂತಿತ್ತು.

ನಾನು ಲೆಕ್ಕ ಹಾಕಿದೆ. ಉತ್ತರ ಬರದಿದ್ದರೆ ಇಳಿಯಬಹುದು, ಅದು ಪದ್ಧತಿ. ಆದರೆ ತಡೀರಿ ಎಂದವರು ಬನ್ನಿ ಎನ್ನದೆ ಇಳಿಯಬಾರದು, ಅದೂ ಪದ್ಧತಿ. ಈ ನೀರಿನಲ್ಲಿ ತಡೀರಿ ಎಂದವರು ಇನ್ನೂ ಬನ್ನಿ ಎಂದಿಲ್ಲ. ಹೀಗಾದರೆ ಏನು ಮಾಡಬೇಕು ಎಂದು ಕೇಳೋಣ ಎಂದರೆ, ಕಟ್ಟೆಯ ಪದ್ಧತಿ ತಿಳಿದ ಹಿರಿಯರು ನಮ್ಮೂರಿನಲ್ಲಿ ಈಗ ಯಾರೂ ಉಳಿದಿಲ್ಲ. ಇದ್ದಿದ್ದರೆ ನನ್ನವ್ವ ಯಾರ ಜಗಲಿಗೆ ಹೋಗಿ ಬೈಯುತ್ತಿದ್ದಳೋ ಗೊತ್ತಿಲ್ಲ.

ಸಿಂಚನ ದಡದ ಮೇಲೆ ಕೂತು ಪಾದ ಮಾತ್ರ ನೀರಿಗೆ ಇಳಿಬಿಟ್ಟಿದ್ದಳು. ನಾನು ಇಳಿಯದೆ ನಿಂತದ್ದನ್ನು ನೋಡಿ ಕೇಳಿದಳು:

“ಬನ್ನಿ ಅಂದ್ರಾ ಅಜ್ಜಿ?”

“ಇಲ್ಲ ಕಣೇ.”

ಅವಳು ಎಡಗಡೆಯ ಮೂಲೆಯನ್ನು ಒಮ್ಮೆ ನೋಡಿದಳು. ಆಮೇಲೆ ಎರಡೂ ಪಾದಗಳನ್ನು ಮೆಲ್ಲಗೆ ನೀರಿನಿಂದ ಈಚೆಗೆ ಎಳೆದುಕೊಂಡು, ನನ್ನ ಪಕ್ಕ ಬಂದು ಬೆನ್ನು ತಿರುಗಿಸಿ ನಿಂತಳು.